ಗುಮಾನಿ ತಪ್ಪಿಸುವ ಬೀಗ

ಎಷ್ಟೋ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ವಿದ್ಯಾರ್ಥಿಗಳಿಗೆಲ್ಲ ಒಂದೇ ಖಾತೆ, ಒಂದೇ ಪಾಸ್‌ವರ್ಡ್. ಅನುಕೂಲವೇನೋ ಹೌದು. ಆದರೆ ನಾನು ಹಿಂದೆ ಕಲಿಯುತ್ತಿದ್ದ ಕಡೆ ಒಬ್ಬಳ ಪ್ರಾಜೆಕ್ಟ್ ಫೈಲ್ ಅಳಿಸಿಹೋಯಿತು. ಅವಳ ನಂತರ ಅದೇ ಕಂಪ್ಯೂಟರ್ ಮುಂದೆ ಕೂತಿದ್ದ ನನ್ನ ಗೆಳತಿಯ ಮೇಲೆ ಎಲ್ಲರ ಗುಮಾನಿ. ತಾನಲ್ಲ ಎಂದು ತೋರಿಸಲು ಅವಳ ಬಳಿ ಏನೂ ಇರಲಿಲ್ಲ. ಕಂಪ್ಯೂಟರ್‌ನ ಲೆಕ್ಕದಲ್ಲಿ ನಾವೆಲ್ಲ ಒಬ್ಬರೇ ಆಗಿದ್ದೆವು.

ಇದಕ್ಕೆ ಲಿನಕ್ಸ್‌ನಲ್ಲಿ ಸುಲಭದ ದಾರಿಯಿದೆ ಎಂದು ಟರ್ಮಿನಲ್ ಕಲಿಯುವಾಗ ತಿಳಿಯಿತು. ಉಬುಂಟುವಿನಲ್ಲಿ ‘ಸುಡೊ ಆ್ಯಡ್‌ಯೂಸರ್’ ಎಂದು ಟೈಪ್ ಮಾಡಿ ಮುಂದೆ ಹೆಸರು ಕೊಟ್ಟರೆ ಹೊಸ ಖಾತೆ ಸಿದ್ಧ. ಪ್ರತಿ ಖಾತೆಗೂ ಒಂದು ಸಂಖ್ಯೆ ಇರುತ್ತದೆ. ಎಲ್ಲ ಅಧಿಕಾರವಿರುವ ರೂಟ್‌ಗೆ 0, ನಮ್ಮಂಥವರಿಗೆ 1000ದಿಂದ ಮುಂದೆ. ಯಾರು ಯಾವಾಗ ಲಾಗಿನ್ ಆದರು ಎಂಬುದು ಸಾಮಾನ್ಯವಾಗಿ ದಾಖಲಾಗುತ್ತದೆ. ಮುಖ್ಯವಾಗಿ, ನನ್ನ ಫೋಲ್ಡರ್‌ನಲ್ಲಿರುವ ಫೈಲನ್ನು ನಾನು ಅನುಮತಿ ಕೊಡದೆ ಇನ್ನೊಬ್ಬ ವಿದ್ಯಾರ್ಥಿ ಅಳಿಸಲಾಗದು.

ಹಾಗಾದರೆ ಜೊತೆಯಾಗಿ ಪ್ರಾಜೆಕ್ಟ್ ಮಾಡುವುದು ಹೇಗೆ? ಅದಕ್ಕೇ ಗ್ರೂಪ್ ಇರುವುದು. ‘ಆ್ಯಡ್‌ಗ್ರೂಪ್’ ಆದೇಶದಿಂದ ಗುಂಪು ಮಾಡಿ, ‘ಯೂಸರ್‌ಮಾಡ್’ ಆದೇಶದಿಂದ ಸದಸ್ಯರನ್ನು ಸೇರಿಸಬಹುದು. ಇಲ್ಲಿ ಒಂದು ಎಚ್ಚರಿಕೆ: ಒಂದು ಅಡ್ಡಗೆರೆಯ ನಂತರ ಸಣ್ಣ ‘ಎ’, ದೊಡ್ಡ ‘ಜಿ’ ಎರಡೂ ಇರಬೇಕು. ‘ಎ’ ಬಿಟ್ಟುಹೋದರೆ ಆ ವಿದ್ಯಾರ್ಥಿ ಹೊಸ ಗುಂಪಿಗೇನೋ ಸೇರುತ್ತಾನೆ, ಆದರೆ ಮೊದಲಿದ್ದ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಬೀಳುತ್ತಾನೆ. ಲಾಗೌಟ್ ಆಗಿ ಮತ್ತೆ ಬಂದು ‘ಐಡಿ’ ಎಂದು ಟೈಪ್ ಮಾಡಿದರೆ ತಾನು ಯಾವ ಗುಂಪುಗಳಲ್ಲಿದ್ದೇನೆ ಎಂದು ಕಾಣುತ್ತದೆ. ಫೋಲ್ಡರನ್ನು ಆ ಗುಂಪಿಗೆ ಕೊಟ್ಟು ಅನುಮತಿಯನ್ನು 770 ಮಾಡಿದರೆ ಗುಂಪಿನವರಿಗೆ ಬಾಗಿಲು ತೆರೆದಿರುತ್ತದೆ, ಉಳಿದವರು ಇಣುಕಲೂ ಆಗದು.

ಓದು ಮುಗಿಸಿ ಹೋದವರ ಖಾತೆಯನ್ನು ತಕ್ಷಣ ಅಳಿಸಬೇಕಿಲ್ಲ. ‘ಪಾಸ್‌ವರ್ಡ್ ಲಾಕ್’ ಮಾಡಿಟ್ಟು, ಅವರ ಫೈಲ್‌ಗಳನ್ನು ಅವರಿಗೆ ತಲುಪಿಸಿದ ಮೇಲೆ ಅಳಿಸಬಹುದು.

“ಪಾಸ್‌ವರ್ಡ್ ಕೊಡಲ್ವಾ? ನನ್ನ ಮೇಲೆ ನಂಬಿಕೆ ಇಲ್ವಾ?” ಎಂದು ಸ್ನೇಹಿತರು ಕೇಳುವುದುಂಟು. ಬೀಗ ನಂಬಿಕೆಯ ಕೊರತೆಯಲ್ಲ. ಏನಾದರೂ ಕಳೆದುಹೋದಾಗ ಸ್ನೇಹಿತರ ಹೆಸರು ಬರದಂತೆ ಕಾಯುವುದೂ ಅದೇ ಬೀಗ. ಎಲ್ಲರ ಫೋಲ್ಡರನ್ನೂ ತೆರೆಯಬಲ್ಲ ರೂಟ್ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ, ಅವರಿಗೆ ಅದೊಂದು ಅಮಾನತ್. ನಮ್ಮ ನಮ್ಮ ಪಾಸ್‌ವರ್ಡ್ ಕೂಡ ಸಣ್ಣದೊಂದು ಅಮಾನತ್ತೇ.