ಹೆಸರಿಲ್ಲದವರ ಊರು

ಬೇಲಿಯ ಬದಿಯ ಕೆಂಪು ಕಣಗಿಲೆ ಹೂ ಕೀಳಲು ಯಾರೂ ಪೆಟ್ಟು ತಿನ್ನಬೇಕಾಗಿಲ್ಲ. ರವೀಂದ್ರನಾಥ ಟಾಗೋರರ ‘ರಕ್ತಕರಬಿ’ ನಾಟಕದಲ್ಲಿ ಮಾತ್ರ ಕಿಶೋರನೆಂಬ ಹುಡುಗ ನಂದಿನಿಗೆ ಆ ಹೂ ತಂದುಕೊಡಲು ಪೆಟ್ಟಿಗೂ ಸಿದ್ಧನಾಗುತ್ತಾನೆ.

1924ರಲ್ಲಿ ‘ಪ್ರವಾಸಿ’ ಪತ್ರಿಕೆಯಲ್ಲಿ ಅಚ್ಚಾದ ಈ ನಾಟಕ ನಡೆಯುವುದು ಯಕ್ಷಪುರಿಯಲ್ಲಿ. ಹಳ್ಳಿ ಬಿಟ್ಟು ಬಂದವರು ಅಲ್ಲಿ ಸುರಂಗ ತೋಡಿ ಚಿನ್ನ ತೆಗೆಯುತ್ತಾರೆ. ಸರದಾರರ ಲೆಕ್ಕದಲ್ಲಿ ಫಾಗುಲಾಲ 47 ‘ಫ’, ಬಿಶು 69 ‘ಙ’. ಪರೀಕ್ಷೆ ಬರೆಯುವ ಮಕ್ಕಳಿಗೂ ಸಂಖ್ಯೆಯುಂಟು, ನಿಜ. ಆದರೆ ಕೊನೆಯ ಗಂಟೆ ಬಾರಿಸಿದ ಮೇಲೆ ಗೇಟಿನ ಬಳಿ ನಿಂತ ಅಮ್ಮ ಹೆಸರು ಹಿಡಿದೇ ಕರೆಯುತ್ತಾಳೆ. ಯಕ್ಷಪುರಿಯಲ್ಲಿ ಆ ಗಂಟೆ ಬಾರಿಸುವುದೇ ಇಲ್ಲ.

ರಾಜನೋ ಬಲೆಯ ಹಿಂದೆ ಅಡಗಿದವನು. ಅಪಾರ ಬಲವುಳ್ಳವನು, ಆದರೂ ದಣಿದವನು. ನಂದಿನಿಯೊಬ್ಬಳೇ ಅವನನ್ನು ಹೊರಗೆ ಕರೆಯುತ್ತಾಳೆ. ಅವಳ ಪ್ರಿಯ ರಂಜನನನ್ನು ಸರದಾರರು ಹೆಸರು ತಿಳಿಸದೆಯೇ ರಾಜನ ಬಳಿಗೆ ಕಳಿಸುತ್ತಾರೆ. ಯಾರೆಂದು ಅರಿಯದೆ ರಾಜ ಅವನನ್ನು ಕೊಲ್ಲುತ್ತಾನೆ. ಜನರ ಹೆಸರು ಕಿತ್ತುಕೊಂಡ ಏರ್ಪಾಡು ಕಡೆಗೆ ರಾಜನನ್ನೇ ವಂಚಿಸಿತು. ಕಿಶೋರನೂ ಉಳಿಯಲಿಲ್ಲ. ಆಗ ರಾಜ ತನ್ನ ಧ್ವಜವನ್ನು ತಾನೇ ಮುರಿದು, ನಂದಿನಿಯೊಡನೆ ತನ್ನದೇ ಆಳ್ವಿಕೆಯ ವಿರುದ್ಧ ಹೋರಾಟಕ್ಕೆ ಹೊರಡುತ್ತಾನೆ.

ಗೆದ್ದರೇ, ಸೋತರೇ? ನಾಟಕ ಹೇಳುವುದಿಲ್ಲ. ನಂದಿನಿಯ ಕಣಗಿಲೆಯ ಕಂಕಣ ಧೂಳಿನಲ್ಲಿ ಬಿದ್ದಿರುತ್ತದೆ. ಬಿಶು ಅದನ್ನು ಎತ್ತಿಕೊಳ್ಳುತ್ತಾನೆ.