ತೆವಳುವ ಜೇಮ್ಸ್

ಹೊಟ್ಟೆಯ ಮೇಲೆ ಮಲಗಿ, ಮೊಣಕೈ ಊರಿ, ಟ್ರಟ್ಟಟ್ಟಟ್ಟ ಎಂದು ಗುಂಡು ಹಾರಿಸುತ್ತ ತೆವಳುವ ಪ್ಲಾಸ್ಟಿಕ್ ಸೈನಿಕನನ್ನು ನೀವು ನೋಡಿಯೇ ಇರುತ್ತೀರಿ. ಹಳಿಯಾಳದ ಉಡಚಮ್ಮನ ಜಾತ್ರೆಯಲ್ಲೂ ಅವನೇ, ಮುಂಡಗೋಡದ ಮಾರಿಕಾಂಬೆ ಜಾತ್ರೆಯಲ್ಲೂ ಅವನೇ, ದಾಂಡೇಲಪ್ಪನ ಜಾತ್ರೆಯಲ್ಲೂ ಅವನೇ. ನಾನು ಕಂಡಂತೆ ಇಪ್ಪತ್ತು ವರ್ಷಗಳಿಂದ ತೆವಳುತ್ತಲೇ ಇದ್ದಾನೆ. ಯಾವ ಗಡಿಗೆ ಹೊರಟಿದ್ದಾನೋ, ಇನ್ನೂ ಮುಟ್ಟಿದಂತಿಲ್ಲ. ಪಾಪ, ಅವನ ಮೇಲೆ ನನಗೇನೂ ಸಿಟ್ಟಿರಲಿಲ್ಲ. 2023ರ ಉಳವಿ ಜಾತ್ರೆಯಲ್ಲಿ ಅವನನ್ನೇ ಪುನೀತ್ ರಾಜಕುಮಾರ್ ಅಂತ ಹೇಳಿ ನಮಗೆ ಮಾರಿದರು ನೋಡಿ, ಅಲ್ಲಿಂದ ಶುರುವಾಯಿತು.

ಉಳವಿ ಇರುವುದು ಜೋಯಿಡಾ ತಾಲೂಕಿನ ಕಾಡಿನ ನಡುವೆ. ಚನ್ನಬಸವಣ್ಣನ ಸಮಾಧಿ ಅಲ್ಲಿದೆ. ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಧಾರವಾಡ, ಬೆಳಗಾವಿ ಕಡೆಯ ರೈತರು ಎತ್ತಿಗೆ ಜೂಲ ಹೊದಿಸಿ, ಚಕ್ಕಡಿ ಕಟ್ಟಿ, ಹಳಿಯಾಳ ದಾಂಡೇಲಿ ದಾಟಿ ಬರುತ್ತಾರೆ. ನಾವು ಅಷ್ಟು ಗಟ್ಟಿ ಭಕ್ತರಲ್ಲ, ಬಸ್ಸಿನಲ್ಲಿ ಹೋದವರು. ಜೊತೆಗೆ ಅಕ್ಕನ ಮಗನಿದ್ದ. ಮುಂಡಗೋಡದ ಹುಡುಗ, ಆಗ ನಾಲ್ಕನೇ ಇಯತ್ತೆ. ಅಪ್ಪು ಅಂದರೆ ಪ್ರಾಣ ಬಿಡುವವನು. ಅಜ್ಜ ಕೊಟ್ಟದ್ದು, ನೆಂಟರು ಕೈಗಿಟ್ಟದ್ದು ಎಲ್ಲ ಸೇರಿ ಜೇಬಿನಲ್ಲಿ ಇನ್ನೂರು ರೂಪಾಯಿ ಇತ್ತು. ಐದೈದು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ‘ಬೆಟ್ಟದ ಹೂವು’ ಸಿನಿಮಾದಲ್ಲಿ ಇದೇ ಅಪ್ಪು ಚಿಕ್ಕ ಹುಡುಗನಾಗಿ ಪುಸ್ತಕಕ್ಕೆಂದು ದುಡ್ಡು ಕೂಡಿಸಿ, ಕೊನೆಗೆ ಮನೆಯವರ ಚಳಿ ನೋಡಲಾರದೆ ಕಂಬಳಿ ತರುತ್ತಾನಲ್ಲ, ಅದು ನನಗೆ ನೆನಪಾಯಿತು. ನಮ್ಮ ಹುಡುಗನಿಗೆ ಕಂಬಳಿಯ ಯೋಚನೆ ಬರುವ ಲಕ್ಷಣ ಕಾಣಲಿಲ್ಲ. ಫೆಬ್ರುವರಿ ಬಿಸಿಲು ಬೇರೆ.

ಆಟಿಕೆ ಅಂಗಡಿಯೊಂದರಲ್ಲಿ ಆ ಡಬ್ಬಿ ಇತ್ತು. ಮೇಲೆ ಮಿಲಿಟರಿ ಡ್ರೆಸ್ಸಿನ ಅಪ್ಪು, ಕೆಳಗೆ ಕೆಂಪು ಅಕ್ಷರದಲ್ಲಿ ‘ಜೇಮ್ಸ್’. ಫೋಟೋ ಎಷ್ಟು ಚೊಕ್ಕವಾಗಿತ್ತೆಂದರೆ ನಾನೂ ಒಂದು ಗಳಿಗೆ ನಿಂತೆ. ಡಬ್ಬಿಗೆ ಸುತ್ತ ದಾರ ಬಿಗಿದಿದ್ದರು. ‘ಬಿಚ್ಚಿ ತೋರಸ್ರಿ’ ಅಂದೆ. ‘ಬಿಚ್ಚಿದ್ರ ನೀವು ತಗೋಬೇಕಾಗತೈತಿ’ ಅಂದರು. ನೂರಾ ಎಂಬತ್ತು ರೂಪಾಯಿ. ಹುಡುಗ ಚೌಕಾಸಿಗೂ ನಿಲ್ಲಲಿಲ್ಲ, ದೇವರ ಹುಂಡಿಗೆ ಹಾಕುವಂತೆ ಕೊಟ್ಟುಬಿಟ್ಟ.

ಗಣೇಶಗುಡಿ ಹತ್ತಿರ, ಸೂಪಾ ಡ್ಯಾಮು ಕಾಣುವ ಹೊತ್ತಿಗೆ, ಬಸ್ಸಿನಲ್ಲೇ ದಾರ ಬಿಚ್ಚಿದ. ನೂರಾ ಒಂದು ಮೀಟರ್ ಎತ್ತರದ ಡ್ಯಾಮನ್ನು ಬಸ್ಸಿಗೆ ಬಸ್ಸೇ ನೋಡುತ್ತಿದ್ದಾಗ ಇವನೊಬ್ಬ ತಲೆ ಬಗ್ಗಿಸಿ ಕೂತಿದ್ದ. ಬಹಳ ಹೊತ್ತಾದ ಮೇಲೆ ಹೇಳಿದ: ‘ಮಾಮಾ, ಇಂವ ಅಪ್ಪು ಅಲ್ಲ.’

‘ಯಾಕಲೇ?’

‘ಅಪ್ಪು ನಗತಾನ.’

ನೋಡಿದೆ. ಅದೇ ತೆವಳುವವನು. ಗುಲಾಬಿ ಬಣ್ಣದ ಕೆನ್ನೆ, ನೀಲಿ ಕಣ್ಣು. ಬಲಗಣ್ಣು ತನ್ನ ಜಾಗ ಬಿಟ್ಟು ಕಿವಿಯ ಕಡೆಗೆ ಜಾರಿದ್ದರಿಂದ ಶತ್ರು ಯಾವ ದಿಕ್ಕಿನಿಂದ ಬಂದರೂ ಕಾಣುವ ಅನುಕೂಲ ಅವನಿಗಿತ್ತು. ಹುಬ್ಬನ್ನು ಹೆಲ್ಮೆಟ್ಟಿನ ಮೇಲೆ ಬರೆದಿದ್ದರು. ಡಬ್ಬಿಯ ಮೇಲಿನ ಅಪ್ಪು ಒಂದು ಸ್ಟಿಕ್ಕರು. ಮೂಲೆ ಎಬ್ಬಿಸಿದರೆ ಅಡಿಯಲ್ಲಿ ಯಾವನೋ ಪರದೇಶಿ ಸೈನಿಕ ಇಣುಕಿದ.

‘ಗೊಂಬಿ ಅಂದ್ರ ಹಂಗ ಇರತಾವ ಬಿಡೋ’ ಅಂದೆ.

‘ಗೊಂಬಿ ಅಲ್ಲ ಮಾಮಾ, ಆಕ್ಷನ್ ಫಿಗರ್.’

ಈ ಶಬ್ದಕ್ಕೂ ಒಂದು ಕಥೆಯಿದೆ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಎಂಬ ಸೈನಿಕನನ್ನು ಮಾರುಕಟ್ಟೆಗೆ ತಂದಾಗ, ಗೊಂಬೆ ಅಂದರೆ ಗಂಡುಹುಡುಗರು ಮೂಗು ಮುರಿಯುತ್ತಾರೆಂದು ಹೆದರಿ ಈ ಹೆಸರು ಹುಟ್ಟಿಸಿತು. ಆ ಹೆದರಿಕೆ ಅಲ್ಲಿಂದ ಹೊರಟು ಅರವತ್ತು ವರ್ಷದಲ್ಲಿ ಮುಂಡಗೋಡದ ನಾಲ್ಕನೇ ಇಯತ್ತೆಯವರೆಗೆ ಬಂದು ಮುಟ್ಟಿದೆ.

ಮನೆಗೆ ಬಂದಾಗ ಅಪ್ಪಾ ಗೊಂಬೆಯ ಕಡೆ ನೋಡಲೇ ಇಲ್ಲ, ಡಬ್ಬಿ ಎತ್ತಿಕೊಂಡರು. ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಮದುವೆ ಪತ್ರಿಕೆ ಕೊಡಲು ಬಂದವರ ಮುಂದೆಯೇ ಕಾಗದವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿ, ಆಮೇಲೆ ಮದುಮಕ್ಕಳ ಹೆಸರು ಓದುತ್ತಾರೆ. ಡಬ್ಬಿಯನ್ನೂ ತಿಕ್ಕಿದರು. ‘ಬೋರ್ಡು ಚೊಲೋ ಐತಿ’ ಅಂದರು. ಒಟ್ಟು ವ್ಯವಹಾರದಲ್ಲಿ ಹೊಗಳಿಕೆ ಸಿಕ್ಕಿದ್ದು ಅದೊಂದಕ್ಕೇ.

ಬರೀ ಡಬ್ಬಿ ಮಾರಿಯೂ ಮರ್ಯಾದೆ ಉಳಿಸಿಕೊಂಡವರಿದ್ದಾರೆ. 1977ರಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾ ಏಕಾಏಕಿ ಗೆದ್ದಾಗ ಕೆನ್ನರ್ ಎಂಬ ಕಂಪನಿಗೆ ಕ್ರಿಸ್‌ಮಸ್ ಹೊತ್ತಿಗೆ ಗೊಂಬೆ ತಯಾರಿಸಲು ಆಗಲಿಲ್ಲ. ಗೊಂಬೆಯೇ ಇಲ್ಲದ ರಟ್ಟಿನ ಪೊಟ್ಟಣ, ಅದರೊಳಗೊಂದು ಚೀಟಿ, ಇಷ್ಟನ್ನೇ ಮಾರಿದರು. ಚೀಟಿ ಕಳಿಸಿದರೆ ಮುಂದಿನ ವರ್ಷ ನಾಲ್ಕು ಗೊಂಬೆ ಬರುತ್ತವೆ ಎಂದು ಕರಾರು. ಬಂದವು ಕೂಡ. ಅಲ್ಲಿಯ ಮಕ್ಕಳು ಖಾಲಿ ಡಬ್ಬಿ ಇಟ್ಟುಕೊಂಡು ತಿಂಗಳುಗಟ್ಟಲೆ ಕಾದರಲ್ಲ, ಅವರನ್ನು ನೆನೆದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ. ಕಾಯುವಷ್ಟು ದಿನ ಮುಖ ಚೆನ್ನಾಗಿಯೇ ಇರುತ್ತದೆ.

ನಮ್ಮಲ್ಲೂ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಚೂಪು ಇರಬಾರದು, ಬಣ್ಣದಲ್ಲಿ ವಿಷ ಇರಬಾರದು, ಎಲ್ಲ ಸರಿ. ಇಂಥವರ ಮುಖ ಇಂಥವರ ಹಾಗೇ ಇರತಕ್ಕದ್ದು ಎಂಬ ಕಲಮು ಮಾತ್ರ ಯಾವ ಕಾನೂನಿನಲ್ಲೂ ಇಲ್ಲ. ಇದ್ದಿದ್ದರೆ ನಮ್ಮ ಗಲ್ಲಿಯ ಗಜಾನನ ಮಂಡಳಿಯವರೆಲ್ಲ 2022ರಲ್ಲಿ ಒಳಗೆ ಹೋಗುತ್ತಿದ್ದೆವು.

ಅಪ್ಪು ಹೋದದ್ದು 2021ರ ಅಕ್ಟೋಬರ್ 29. ಮರುವರ್ಷ ಚೌತಿಗೆ ಎಲ್ಲೆಲ್ಲೂ ಗಣಪತಿಯ ಜೊತೆಗೆ ಅಪ್ಪು ಬಂದು ನಿಂತರು. ಹಳಿಯಾಳದ ನಮ್ಮ ಹುಡುಗರೂ ಹಟ ಹಿಡಿದರು. ಮಂಡಳಿಯ ಖಜಾಂಚಿ ನಾನು. ಗಣಪತಿ ಮಾಡುವ ಕಾಕಾನ ಹತ್ತಿರ ಹೋಗಿ ಹೇಳಿದೆವು. ಅವರು ಕೆರೆಯ ಮಣ್ಣಿಗೆ ಅರಳೆ ಹಾಕಿ ಕುಟ್ಟುತ್ತಿದ್ದರು. ಹಾಗೆ ಕುಟ್ಟಿದರೆ ಒಣಗುವಾಗ ಮಣ್ಣು ಬಿರಿಯುವುದಿಲ್ಲ. ಕೈ ನಿಲ್ಲಿಸದೆ ಕೇಳಿದರು: ‘ಗಣಪ್ಪಗ ಅಚ್ಚೈತಿ. ಅಪ್ಪುಗ ಅಚ್ಚು ಎಲ್ಲಿಂದ ತರ್ಲಿ?’

ಹುಡುಗರು ಮೊಬೈಲು ತೆಗೆದರು. ಒಬ್ಬೊಬ್ಬರ ಹತ್ತಿರ ಐವತ್ತು ಫೋಟೋ. ಒಬ್ಬನಿಗೆ ಗಡ್ಡದ ಅಪ್ಪು ಬೇಕು, ಒಬ್ಬನಿಗೆ ನುಣ್ಣಗಿನ ಅಪ್ಪು ಬೇಕು. ಕಾಕಾ ಎಲ್ಲ ನೋಡಿ, ‘ನಾ ಇವರ ಪಿಕ್ಚರ್ ಒಂದೂ ನೋಡಿಲ್ಲ ತಮ್ಮಾ. ಆದ್ರ ಹೋದ ದಿನ ಟಿವಿ ಮುಂದ ಕುಂತು ಅತ್ತೀನಿ’ ಅಂದರು. ಅದೇ ಮುಂಗಡ ಅಂತ ತಿಳಿದು ನಾವು ಎದ್ದು ಬಂದೆವು.

ಮೈ ಎರಡೇ ದಿನದಲ್ಲಿ ಆಯಿತು. ಬಿಳಿ ಅಂಗಿ, ಬಿಳಿ ಪಂಚೆ, ಮುಗಿದ ಕೈ. ಮುಖದಲ್ಲಿ ಸಿಕ್ಕಿಕೊಂಡರು. ಗಣಪತಿಯ ಮುಖ ಹೀಗಿರಲಿಲ್ಲ ಎಂದು ಇವತ್ತಿನವರೆಗೆ ಯಾರೂ ಜಗಳಕ್ಕೆ ಬಂದಿಲ್ಲ. ಸೊಂಡಿಲು ಇದ್ದರಾಯಿತು, ಕೈ ಮುಗಿಯುತ್ತಾರೆ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಬುದ್ಧನನ್ನು ಬರೆಯುವವರಿಗೆ ಹಣೆ ಇಷ್ಟು, ಕಿವಿ ಇಷ್ಟು, ಬೆರಳು ಇಷ್ಟು ಎಂದು ಶಾಸ್ತ್ರದ ಲೆಕ್ಕವಿದೆ. ಗೆರೆ ಹಾಕಿಕೊಂಡು ಅಳತೆಗೆ ಸರಿಯಾಗಿ ಬರೆದರೆ ಅವನು ಬುದ್ಧ. ನೋಡಿದವರು ಯಾರೂ ಉಳಿದಿಲ್ಲವಾದ್ದರಿಂದ ಅಳತೆಯೇ ಸಾಕ್ಷಿ. ಅಪ್ಪುವಿನ ಮುಖಕ್ಕೆ ಊರೆಲ್ಲ ಸಾಕ್ಷಿ. ಹಾಲು ಕೊಡಲು ಬಂದವನೂ ನಿಂತು, ‘ಮೂಗು ಸ್ವಲ್ಪ ಆತ್ರೀ’ ಎಂದು ಹೇಳಿ ಹೋಗುತ್ತಿದ್ದ.

‘ಕಾಕಾ, ನಗೂಮುಂದ ಹಲ್ಲು ಕಾಣಬೇಕು.’

‘ಹಲ್ಲು ಕಾಣೂದು ಗಣಪ್ಪಂದು. ಅದೂ ಒಂದ.’

ಮೂರು ಸಲ ಮುಖ ಕಿತ್ತು ಮಣ್ಣಿಗೆ ಸೇರಿಸಿದರು. ನಾಲ್ಕನೇ ದಿನ ಅವರಿಗೆ ತಲೆ ಕೆಟ್ಟಿತು. ಮೊಬೈಲಿನವರನ್ನೆಲ್ಲ ಹೊರಗೆ ಹಾಕಿ, ನಮ್ಮಲ್ಲೊಬ್ಬ ಹುಡುಗನನ್ನು ಮಾತ್ರ ಕೂರಿಸಿಕೊಂಡರು. ಅವನು ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಅಪ್ಪುವಿನ ಪಾರ್ಥಿವ ಶರೀರವನ್ನು ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಇಟ್ಟಿದ್ದಾರೆಂದು ತಿಳಿದು, ಮೈಮೇಲಿನ ಗ್ರೀಸು ಅಂಗಿಯಲ್ಲೇ ರಾತ್ರಿ ಬಸ್ಸು ಹತ್ತಿದವನು. ‘ನೀ ಏನ ನೋಡಿದಿ, ಹೇಳಕೋತ ಹೋಗು’ ಅಂದರು ಕಾಕಾ. ಅವನು ಹೇಳಿದ. ಸಾಲಿನಲ್ಲಿ ಎಷ್ಟು ಹೊತ್ತು ನಿಂತದ್ದು, ಯಾರೋ ಗುರುತಿಲ್ಲದವರು ನೀರು ಕೊಟ್ಟದ್ದು, ಕೊನೆಗೆ ಒಂದೇ ಕ್ಷಣ ಕಂಡದ್ದು, ಪೊಲೀಸರು ಮುಂದೆ ತಳ್ಳಿದ್ದು. ಹೇಳುತ್ತ ಹೇಳುತ್ತ ಹಳೇ ಸಿನಿಮಾಗಳ ಮಾತಿಗೆ ಬಂದು ನಗತೊಡಗಿದನಂತೆ. ಕಾಕಾನ ಹೆಬ್ಬೆರಳು ಕೆಲಸ ಮಾಡುತ್ತಲೇ ಇತ್ತು.

ಬಣ್ಣ ಬಿದ್ದ ಮೇಲೆ ನೋಡಿದರೆ, ಎಡಗಡೆಯಿಂದ ಸಾಕ್ಷಾತ್ ಅಪ್ಪು. ಬಲಗಡೆಯಿಂದ ನಮ್ಮ ಗ್ಯಾರೇಜಿನ ಹುಡುಗ.

ಏನು ಮಾಡುವುದು? ಪೆಂಡಾಲಿನ ಬಾಗಿಲನ್ನೇ ಎಡಕ್ಕೆ ಮಾಡಿದೆವು. ಬಲಗಡೆ ಎರಡು ಬಾಳೆಗಿಡ ಕಟ್ಟಿದೆವು. ಆದರೂ ಮಂಗಳಾರತಿ ಹೊತ್ತಿಗೆ ಕೆಲವರು ಆ ಕಡೆಯಿಂದಲೂ ಇಣುಕಿ, ಮೂರ್ತಿ ನೋಡಿ, ಹುಡುಗನನ್ನು ನೋಡಿ, ಸುಮ್ಮನಾಗುತ್ತಿದ್ದರು. ಐದು ದಿನವೂ ಆ ಹುಡುಗ ಎಣ್ಣೆ ಹಚ್ಚಿ ಬೈತಲೆ ತೆಗೆದುಕೊಂಡೇ ಬಂದ. ಒಂದು ಗುಟಕಾ ಬಾಯಿಗೆ ಹಾಕಲಿಲ್ಲ. ಯಾರೋ ಚೇಷ್ಟೆಗೆ ‘ಏನಪಾ ಪವರ್ ಸ್ಟಾರ್’ ಅಂದರೆ ಕಣ್ಣಲ್ಲಿ ನೀರು ತಂದುಕೊಂಡ, ನಾವೇ ಗಾಬರಿಯಾದೆವು.

ಐದನೇ ದಿನ ವಿಸರ್ಜನೆ. ಟ್ರ್ಯಾಕ್ಟರು ಬಂತು, ಡೊಳ್ಳು ಬಂತು, ಗಣಪತಿ ಏರಿದ. ಅಪ್ಪುವಿನ ಹಲಗೆಗೆ ಯಾರೂ ಕೈ ಹಚ್ಚಲಿಲ್ಲ. ಖಜಾಂಚಿ ಎಂಬ ಗತ್ತಿನಲ್ಲಿ ನಾನು, ‘ಹೂಂ, ಎತ್ರೋ’ ಅಂದೆ. ಗಣಪ್ಪ ಮುಂದಿನ ವರ್ಷ ಬರುತ್ತಾನೆ, ಇವರು ಬರುತ್ತಾರೇನ್ರೀ ಎಂದು ಹಿಂದಿನಿಂದ ಯಾರೋ ಕೇಳಿದರು. ಡೊಳ್ಳು ನಿಂತಿತು. ಮಣ್ಣಿನ ಮೂರ್ತಿ, ನೀರಿಗೆ ಹಾಕಿದರೆ ಅರ್ಧ ತಾಸಿನಲ್ಲಿ ಕರಗುತ್ತದೆ; ಇಟ್ಟುಕೊಂಡರೆ ಜಾಗ ಬೇಕು, ಬಾಡಿಗೆ ಬೇಕು. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದವನು ಮುಚ್ಚಿಕೊಂಡೆ. ಹಲಗೆ ಸಮೇತ ಅಪ್ಪು ಗ್ಯಾರೇಜಿಗೆ ಹೋದರು. ಈಗಲೂ ಅಲ್ಲಿ ಟೈರುಗಳ ಪಕ್ಕ ಕೈ ಮುಗಿದುಕೊಂಡು ನಿಂತಿದ್ದಾರೆ. ಒಂದು ಮಳೆಗಾಲಕ್ಕೆ ಮೂಗಿನ ತುದಿ ಉದುರಿತು. ಬ್ರೇಕ್ ಸರಿಮಾಡಿಸಲು ಬಂದವರು ಹೋಗುವಾಗ ನಮಸ್ಕಾರ ಮಾಡಿ ಹೋಗುತ್ತಾರೆ.

ನಮ್ಮ ಅಕ್ಕನ ಮಗನೂ ಆ ಮೂರ್ತಿಗೆ ಕೈ ಮುಗಿದವನೇ, ಅದೂ ಬಲಗಡೆ ನಿಂತು. ಅವತ್ತು ಅವನು ಒಂದು ತಕರಾರೂ ತೆಗೆದಿರಲಿಲ್ಲ. ಜೇಮ್ಸ್ ಗೊಂಬೆಯ ಸಿಟ್ಟು ಆರಿದ ಮೇಲೆ ಕೇಳಿದೆ: ‘ಅಲ್ಲೋ, ಆ ಗ್ಯಾರೇಜಿನ್ದೂ ಅಪ್ಪು ಹಂಗ ಇಲ್ಲಲ್ಲ, ಅದಕ್ಕ ಯಾಕ ಏನೂ ಅನ್ನಲಿಲ್ಲ?’

‘ಅದನ್ನ ಮಾಡ್ಯಾರ ಮಾಮಾ. ಇದಕ್ಕ ಅಂಟಿಸ್ಯಾರ.’

ನನಗೆ ಉತ್ತರ ಹೊಳೆಯಲಿಲ್ಲ. ‘ಜೇಮ್ಸ್’ ಸಿನಿಮಾದ ನೆನಪಾಯಿತು, ಅಷ್ಟೆ. 2022ರ ಮಾರ್ಚ್ 17, ಅಪ್ಪು ಹುಟ್ಟಿದ ದಿನವೇ ಅದು ತೆರೆಗೆ ಬಂದಾಗ ನಾವು ಗುಂಪು ಕಟ್ಟಿಕೊಂಡು ಹೋಗಿದ್ದೆವು. ಡಬ್ಬಿಂಗ್ ಮುಗಿಸುವ ಮೊದಲೇ ತಮ್ಮ ಹೋಗಿದ್ದರಿಂದ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಮುಖ ತಮ್ಮನದು, ದನಿ ಅಣ್ಣನದು. ಹೊಂದುತ್ತಿರಲಿಲ್ಲ, ಯಾರಿಗಾದರೂ ಗೊತ್ತಾಗುವಂತಿತ್ತು. ಆದರೂ ಥಿಯೇಟರಿನಲ್ಲಿ ‘ಇದು ಅಪ್ಪು ದನಿ ಅಲ್ಲ’ ಎಂದು ಒಬ್ಬನೂ ಕೂಗಲಿಲ್ಲ. ಪಕ್ಕದ ಸೀಟಿನ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೇಳುತ್ತಿದ್ದರು. ಆಮೇಲೆ ಯಂತ್ರದ ಸಹಾಯದಿಂದ ಅಪ್ಪುವಿನದೇ ದನಿ ಕೂಡಿಸಿ ಸಿನಿಮಾವನ್ನು ಮತ್ತೆ ಬಿಟ್ಟರು. ನಾನು ಅದನ್ನು ನೋಡಲು ಹೋಗಲಿಲ್ಲ. ಯಾಕೆ ಅಂದರೆ ಹೇಳಲಾರೆ.

ಹುಡುಗ ಸ್ಟಿಕ್ಕರನ್ನು ಹುಷಾರಾಗಿ ಬಿಡಿಸಿ ಕಂಪಾಸ್ ಪೆಟ್ಟಿಗೆಗೆ ಹಚ್ಚಿಕೊಂಡು ಮುಂಡಗೋಡಕ್ಕೆ ಹೋದ. ಡಬ್ಬಿಯಲ್ಲಿ ಅಪ್ಪಾ ಗುಳಿಗೆ ಇಟ್ಟುಕೊಂಡಿದ್ದಾರೆ. ಸೈನಿಕ ಎಲ್ಲಿ ಹೋದನೋ ಯಾರೂ ವಿಚಾರಿಸಲಿಲ್ಲ. ಮೊನ್ನೆ ನಡುರಾತ್ರಿ ಅಪ್ಪಾನ ಮಂಚದ ಕೆಳಗಿನಿಂದ ಟ್ರಟ್ಟಟ್ಟಟ್ಟ ಎಂದು ಶುರುವಾಯಿತು. ಇಲಿ ತಾಗಿ ಸೆಲ್ಲು ಕೂಡಿತೋ ಏನೋ. ನಾನು ಓಡಿ ಹೋಗಿ ಲೈಟು ಹಾಕಿದೆ. ಧೂಳು ಮೆತ್ತಿದ ಹೆಲ್ಮೆಟ್ಟು ಮಂಚದಡಿಯಿಂದ ಮೆಲ್ಲಗೆ ಹೊರಬರುತ್ತಿತ್ತು. ಅಪ್ಪಾ ಕಣ್ಣು ತೆರೆಯದೆಯೇ ಮಗ್ಗಲು ಬದಲಿಸಿ ಅಂದರು:

‘ಜೇಮ್ಸ್‌ಗ ಮಲಕೋ ಅಂತ ಹೇಳು.’