ಸರಪಳಿಯ ಸವೆತ

ಮೋಟಾರು ಸೈಕಲ್ಲಿನ ಚೈನು ಹಳೆಯದಾದರೆ ‘ಹಿಗ್ಗಿತು’ ಎನ್ನುವುದು ಲೋಕರೂಢಿ. ವಾಸ್ತವವಾಗಿ ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಕೊಂಡಿಕೊಂಡಿಯಲ್ಲಿಯೂ ಇರುವ ಪಿನ್ನುಗಳೂ ಬುಷ್ಷುಗಳೂ ಒಂದನ್ನೊಂದು ಉಜ್ಜಿ ಸವೆಯುತ್ತವೆ. ಆ ಅಲ್ಪಾಲ್ಪ ಸವೆತಗಳು ಒಟ್ಟುಗೂಡಿ ಚೈನು ನೀಳವಾಗುವುದು.

ಪರೀಕ್ಷೆಯು ಸುಲಭವಾದುದು. ಎಂಜಿನ್ನನ್ನು ನಿಲ್ಲಿಸಿ, ಹಿಂದಿನ ಸ್ಪ್ರಾಕೆಟ್ಟಿನ ತುದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಬೇಕು. ಅರ್ಧ ಹಲ್ಲು ಕಾಣುವಷ್ಟು ಅದು ಮೇಲೆದ್ದರೆ ಅದರ ಆಯುಸ್ಸು ತೀರಿತೆಂದು ತಿಳಿಯತಕ್ಕದ್ದು. ಪಿನ್ನಿನಿಂದ ಪಿನ್ನಿಗೆ 12.7 ಮಿಲಿಮೀಟರು ಅಂತರವುಳ್ಳ ಹೊಸ ಚೈನಿನಲ್ಲಿ ಇಂತಹ 20 ಅಂತರಗಳು 254 ಮಿಲಿಮೀಟರಾಗುತ್ತವೆ. ಬಿಗಿಹಿಡಿದು ಅಳೆದಾಗ ಅದು 259ಕ್ಕೆ ಮುಟ್ಟಿದರೆ ನೂರಕ್ಕೆ ಎರಡರಷ್ಟು ಬೆಳೆದಂತಾಯಿತು, ಇನ್ನು ತಡಮಾಡಲಾಗದು. ಸ್ಪ್ರಾಕೆಟ್ಟಿನ ಹಲ್ಲುಗಳೇ ಕೊಕ್ಕೆಯಂತೆ ಬಾಗಿದ್ದರೆ ಅಳತೆಯ ಅವಶ್ಯಕತೆಯೂ ಇಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರವರೆಗೆ ತಯಾರಿಸಿದ ಗಾಡಿಗಳಲ್ಲಿ ಚೈನಿಗೆ ಪೂರ್ಣವಾದ ಮುಚ್ಚಳವಿರುವ ಮಾದರಿಗಳಿದ್ದುವು. ಧೂಳು ತಾಗದುದರಿಂದ ಬಾಳಿಕೆ ಹೆಚ್ಚು. ಕಣ್ಣಿಗೆ ಬೀಳದುದರಿಂದ ಮರೆವೂ ಹೆಚ್ಚು.

ಮಿತವ್ಯಯವೆಂದು ಚೈನೊಂದನ್ನೇ ಬದಲಿಸುವವರುಂಟು. ಆದರೆ ಸವೆದ ಹಲ್ಲುಗಳ ಸಹವಾಸದಲ್ಲಿ ಹೊಸ ಚೈನೂ ಬೇಗನೆ ಕೆಡುತ್ತದೆ. ಚೈನು, ಎಂಜಿನ್ನಿನ ಬಳಿಯ ಚಿಕ್ಕ ಸ್ಪ್ರಾಕೆಟ್ಟು, ಹಿಂದಿನ ದೊಡ್ಡದು, ಈ ಮೂರನ್ನೂ ಒಟ್ಟಿಗೆ ಬದಲಿಸುವುದೇ ನಿಜವಾದ ಉಳಿತಾಯ. ಓಡುವ ಗಾಡಿಯಲ್ಲಿ ಕಡಿದ ಚೈನು ಚಕ್ರಕ್ಕೆ ತೊಡರಿ ಅದನ್ನು ಥಟ್ಟನೆ ನಿಲ್ಲಿಸಿಬಿಡಬಹುದು. ಹಿಂದಿನ ಪೀಠದಲ್ಲಿ ಮಡದಿಯೋ ಮಗುವೋ ಕುಳಿತಿರುವುದುಂಟು. ಗೃಹಸ್ಥನು ಕಾಸಿನ ಲೆಕ್ಕವನ್ನು ಹಾಕುವಾಗ ಇದನ್ನೂ ಕೂಡಿಸಿಕೊಳ್ಳಬೇಡವೇ?